ಮೂವರು ಮುಂದಾಳುಗಳು, ಒಂದು ಬಿಂದಿಗೆ ನೀರು

ಇಂಗ್ಲಿಷ್ ಸಂಗೀತ ನನಗೆ ತಲೆಬುಡ ತಿಳಿಯದು. ಆದರೆ ನಮ್ಮ ಕೊಡವರ ಮದುವೆಗೆ ಪುರೋಹಿತರಿಲ್ಲವಲ್ಲ, ನನ್ನ ಮದುವೆಯಲ್ಲಿ ಆ ಖಾಲಿ ಜಾಗಕ್ಕೆ ಒಂದು ಇಂಗ್ಲಿಷ್ ಹಾಡು ಬಂದು ಕೂತುಬಿಟ್ಟಿತು. ಅದನ್ನು ಕರೆದವರು ನನ್ನ ದೊಡ್ಡಪ್ಪ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ಹನ್ನೆರಡು ವರ್ಷವಾಗಿದ್ದಿರಬಹುದು. ಸೇರಿದ್ದು ಸರಿಯೋ ತಪ್ಪೋ ಎಂಬ ವಾದ ನಮ್ಮ ಜಗಲಿಯಲ್ಲಿ ಇನ್ನೂ ಮುಗಿದಿರಲಿಲ್ಲ. ಚಿಕ್ಕಪ್ಪನ ಮಗ ಬೋಪಣ್ಣ ನನ್ನ ಮದುವೆಗೆಂದು ಬೊಂಬಾಯಿಯಿಂದ ರಜೆಗೆ ಬಂದವನು ಬ್ಯಾಟರಿಯ ರೆಕಾರ್ಡ್ ಪ್ಲೇಯರನ್ನೂ ಹೊಸದೊಂದು ರೆಕಾರ್ಡನ್ನೂ ತಂದು ಅದೇ ಜಗಲಿಯಲ್ಲಿ ಹಾಕಿದ. ಗಿಟಾರ್ ಒಂದು ಅಳತೊಡಗಿತು. ಹಾಡುವವನಿಗೆ ಹೊಟ್ಟೆನೋವೇ ಎಂದು ದೊಡ್ಡಪ್ಪ ವಿಚಾರಿಸಿದರು. ಇದಕ್ಕೆ ಬ್ಲೂಸ್ ಎನ್ನುತ್ತಾರೆ, ಅಮೆರಿಕದ ಹತ್ತಿಹೊಲಗಳಲ್ಲಿ ದುಡಿದ ಕಪ್ಪು ಜನ ತಮ್ಮ ಸಂಕಟವನ್ನು ಹಾಡಿಕೊಂಡದ್ದು, ಇಂಗ್ಲೆಂಡಿನ ಹುಡುಗರು ಈಗ ಅದಕ್ಕೆ ಕರೆಂಟು ಕೊಟ್ಟಿದ್ದಾರೆ ಎಂದು ಬೋಪಣ್ಣ ಪಾಠ ಮಾಡಿದ. ಸಂಕಟಕ್ಕೆ ಕರೆಂಟು ಕೊಟ್ಟರೆ ಏನಾಗುತ್ತದೆ ಎಂಬುದು ನಮ್ಮ ನಾಯಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಅದು ಕಾಫಿ ತೋಟದೊಳಗೆ ಓಡಿಹೋಯಿತು.

ದೊಡ್ಡಪ್ಪನಿಗೆ ಹಾಡು ಹಿಡಿಸಲಿಲ್ಲ, ಅದರ ಹಿಂದಿನ ಕತೆ ಹಿಡಿಸಿತು. ಗಿಟಾರಿನವನು, ಬಾಸ್ ಗಿಟಾರಿನವನು, ಡ್ರಮ್ಮಿನವನು ಮೂವರೂ ಮೊದಲು ಬೇರೆ ತಂಡಗಳಲ್ಲಿ ಹೆಸರು ಮಾಡಿದವರಂತೆ. ಅವನ್ನು ಬಿಟ್ಟು ಬಂದು, ಘಟಾನುಘಟಿಗಳದ್ದೇ ಒಂದು ತಂಡ ಕಟ್ಟಿದರಂತೆ. ಅದರಲ್ಲಿ ಇಬ್ಬರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ, ವೇದಿಕೆ ಹತ್ತಿದರೆ ಒಬ್ಬರಿಗೊಬ್ಬರು ಬಿಟ್ಟುಕೊಡದೆ ಒಂದೇ ಹಾಡನ್ನು ಎಳೆದೂ ಎಳೆದೂ ನುಡಿಸುತ್ತಾರೆ ಎಂದೂ ಬೋಪಣ್ಣ ಹೇಳಿದ. ದೊಡ್ಡಪ್ಪ ಅಷ್ಟು ಹೊತ್ತಿಗೆ ಎದ್ದು ಷರ್ಟು ಹಾಕಿಕೊಳ್ಳುತ್ತಿದ್ದರು.

"ಅದಕ್ಕೆ ಬಿಲಾತಿಗೆ ಯಾಕೆ ಹೋಗ್ಬೇಕು? ನಮ್ಮಲ್ಲಿ ಇಲ್ವಾ ಅಂಥವರು?" ಎಂದು ಹೊರಟೇಬಿಟ್ಟರು.

ವಾಲಗವಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ. ಒಂದು ಮೇಳವನ್ನು ಕರೆಸಿದರೆ ಊದುವವರು, ಬಾರಿಸುವವರು ಎಲ್ಲ ಅದರಲ್ಲೇ ಬರುತ್ತಾರೆ. ದೊಡ್ಡಪ್ಪ ಮಾತ್ರ ಕುಟ್ಟಕ್ಕೆ ಹೋಗಿ ವಾಲಗ ಊದುವ ಚಾತಣ್ಣನನ್ನು ಒಪ್ಪಿಸಿದರು. ಮಡಿಕೇರಿಯಲ್ಲಿ ಒಬ್ಬ ಡೋಲಿನವರನ್ನು, ದುಬಾರೆ ಕಡೆಯಿಂದ ಒಬ್ಬ ಕೊಂಬಿನವರನ್ನು ಹಿಡಿದರು. ಮೂವರೂ ತಂತಮ್ಮ ಮೇಳದ ಮುಂದಾಳುಗಳು. ಉಳಿದಿಬ್ಬರು ಬರುತ್ತಾರೆಂದು ಮೂವರಲ್ಲಿ ಯಾರಿಗೂ ಹೇಳಿರಲಿಲ್ಲ. ಮದುವೆಯ ದಿನ ಅಂಗಳದಲ್ಲಿ ಎದುರಾದಾಗ ಅವರು ಒಂದೇ ಮನೆಗೆ ಒಂದೇ ದಿನ ಬಂದ ಮೂವರು ಅಳಿಯಂದಿರ ಹಾಗೆ ಗಂಟಲು ಸರಿಮಾಡಿಕೊಂಡರು. ಬೆಳಿಗ್ಗೆಯೆಲ್ಲ ಬರೀ ಗದ್ದಲ. ಊಟದ ಹೊತ್ತಿಗೆ ಒಬ್ಬರದು ಒಬ್ಬರ ಕಿವಿಗೆ ಬೀಳತೊಡಗಿತು. ಅಲ್ಲಿಂದಾಚೆಗೆ ಅವರು ನುಡಿಸಿದ್ದನ್ನು ನಾನು ವರ್ಣಿಸಲಾರೆ. ಮಂಡಿನೋವಿನ ನಮ್ಮ ಅತ್ತೆಯಂದಿರೆಲ್ಲ ಅಂಗಳಕ್ಕೆ ಇಳಿದರು ಎಂದರೆ ಸಾಕು.

ಆಪತ್ತು ಬಂದದ್ದು ಸಂಜೆ. ಮದುಮಗಳು ಬಾವಿಗೆ ಪೂಜೆ ಮಾಡಿ, ತುಂಬಿದ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಗಂಡನ ಮನೆಯೊಳಗೆ ಬರಬೇಕು. ಗಂಡಿನ ಕಡೆಯವರು ದಾರಿಗಡ್ಡವಾಗಿ ಕುಣಿಯುತ್ತ ಅವಳ ತಾಳ್ಮೆ ನೋಡುತ್ತಾರೆ. ಅವರು ಕುಣಿದಷ್ಟು ಹೊತ್ತೂ ಅವಳು ನಿಂತಿರಬೇಕು. ಬಿಂದಿಗೆ ಇಳಿಸಿದರೆ ತವರಿನ ಮಾನ ಹೋದಂತೆ. ಸಾಮಾನ್ಯವಾಗಿ ಕುಣಿಯುವವರೇ ಸುಸ್ತಾಗಿ ದಾರಿ ಬಿಡುತ್ತಾರೆ. ಆದರೆ ಅಂಥ ವಾಲಗಕ್ಕೆ ಯಾರು ಸುಸ್ತಾಗುತ್ತಾರೆ? ವಾಲಗ ನಿಲ್ಲದೆ ಇವರು ನಿಲ್ಲರು, ಇವರು ನಿಲ್ಲದೆ ವಾಲಗ ನಿಲ್ಲದು. ಮೊದಲು ನಿಲ್ಲಿಸಿದವನು ಕಡಿಮೆಯವನು ಎಂದು ಆ ಮೂವರೂ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದರು. ಬಿಸಿಲು ಇಳಿಯಿತು. ಪೊನ್ನಮ್ಮ, ಅಂದರೆ ನನ್ನ ಹೆಂಡತಿ, ನಿಂತೇ ಇದ್ದಳು. ನಾನು ಜಗಲಿಯಿಂದ ನೋಡುತ್ತಿದ್ದೆ. ಓಡಿಹೋಗಿ ಬಿಂದಿಗೆ ಇಳಿಸಿಬಿಡೋಣವೆಂದರೆ ಮದುಮಗನ ಪೇಟ, ಸೊಂಟದ ಪೀಚೆಕತ್ತಿ, ಗಾಂಭೀರ್ಯ. ನಿಜ ಹೇಳಬೇಕೆಂದರೆ, ಆ ಸಂಕಟದಲ್ಲೂ ನನ್ನ ಬಲಗಾಲು ತಾಳ ಹಾಕುತ್ತಿತ್ತು.

ಕೊನೆಗೆ ಅವಳೇ ಬಾಯಿಬಿಟ್ಟಳು. ಅವಳ ತವರು ಕುಟ್ಟದಲ್ಲೇ. ಚಿಕ್ಕಂದಿನಿಂದ ಅವಳ ಮನೆಯ ಪ್ರತಿ ಪುತ್ತರಿ ಹಬ್ಬಕ್ಕೂ ಊದಿದವರು ಚಾತಣ್ಣ.

"ಚಾತಣ್ಣ, ನನ್ನ ಕುತ್ತಿಗೆ ಸೋತೋಯ್ತು. ಸಾಕು ಮಾಡಿ."

ಚಾತಣ್ಣ ವಾಲಗವನ್ನು ಬಾಯಿಂದ ತೆಗೆದರು. ಡೋಲು ಇನ್ನೆರಡು ಪೆಟ್ಟು ಹಾಕಿ ಅತ್ತಿತ್ತ ನೋಡಿ ಸುಮ್ಮನಾಯಿತು. ಕೊಂಬೂ ಕೆಳಗಿಳಿಯಿತು. ನಮ್ಮ ಅತ್ತೆಯಂದಿರು ಒಮ್ಮೆಲೇ ಮಂಡಿಯ ನೆನಪಾಗಿ ಅಲ್ಲಲ್ಲೇ ಕೂತರು. ಪೊನ್ನಮ್ಮ ಹನಿ ನೀರು ಚೆಲ್ಲದೆ ಒಳಗೆ ನಡೆದಳು. ಮೊದಲು ನಿಂತದ್ದು ಕುಟ್ಟ ಎಂದು ಡೋಲು, ಕೊಂಬು ಎರಡೂ ಊರೆಲ್ಲ ಹೇಳಿಕೊಂಡವು. ನಮ್ಮೂರ ಹುಡುಗಿಯ ಕುತ್ತಿಗೆ ನೋಡಬೇಕಲ್ಲ ಎಂದು ಚಾತಣ್ಣ ನಕ್ಕರು. ಆ ಮೂವರು ಮತ್ತೆ ಒಟ್ಟಿಗೆ ನುಡಿಸಲಿಲ್ಲ. ದೊಡ್ಡಪ್ಪನೂ ಆ ಕೆಲಸಕ್ಕೆ ಮತ್ತೆ ಕೈ ಹಾಕಲಿಲ್ಲ.

ಮದುವೆಯಾಗಿ ಎರಡು ಮೂರು ದಿನದ ಮೇಲೆ, ಒಳ್ಳೆಯ ಗಂಡ ಎನ್ನಿಸಿಕೊಳ್ಳುವ ಆಸೆಯಿಂದ ಕುತ್ತಿಗೆ ನೋವು ಹೇಗಿದೆ ಎಂದು ಕೇಳಿದೆ. ಅವಳು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕುತ್ತಿಗೆಗೆ ಎಂಥದೂ ಆಗಿರ್ಲಿಲ್ಲ. ಬೆಳಗಿನವರೆಗೆ ಬೇಕಾದ್ರೂ ನಿಲ್ತಿದ್ದೆ. ಚಾತಣ್ಣನಿಗೆ ಉಸಿರು ಸಿಗ್ತಿರ್ಲಿಲ್ಲ, ಮುಖ ಕಪ್ಪಿಟ್ಟಿತ್ತು. ಅವರಾಗಿ ನಿಲ್ಸುವ ಜನ ಅಲ್ಲ ಅದು."

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ನಮ್ಮಲ್ಲೂ ಒಂದೊಂದು ದಿನ ವಾದ ಎಳೆದೂ ಎಳೆದೂ ಸಾಗುತ್ತದೆ, ಇಬ್ಬರೂ ಮುಂದಾಳುಗಳೇ. ಆದರೆ ನಡುವೆ ಪೊನ್ನಮ್ಮ ತಟ್ಟನೆ "ನನಗೆ ಸಾಕಾಯ್ತು, ನೀವೇ ಗೆದ್ರಿ" ಎಂದಳೆಂದರೆ, ನಾನು ಗೆದ್ದ ಖುಷಿಯನ್ನು ಬದಿಗಿಟ್ಟು ಮೆಲ್ಲಗೆ ಒಂದು ಕಡೆ ಕೂತು ನೀರು ಕುಡಿಯುತ್ತೇನೆ.