ಉಮಿಯ ಡ್ರಮ್ಮಿನ ಮೊದಲ ಲೋಟ

ಭತ್ತದ ಉಮಿ ನೀರಿನ ಬಣ್ಣ ತೆಗೆಯಿತು, ಕ್ರಿಮಿ ತೆಗೆಯಲಿಲ್ಲ. ಆದದ್ದು ಇಷ್ಟೇ. ಉಳಿದದ್ದು ದೊಡ್ಡವರ ಭಾಷಣ.

2011. ಮರಾಠಿ ಸೀಮೆಯ ಕಲ್ಯಾಣದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಬಾಟಲಿ ತೊಳೆಯುವವಳು, ಕಾಂಟ್ರಾಕ್ಟ್ ಮೇಲೆ. ನೌಪಾಡಾದ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಮನೆ ಶಹಾಡ್‌ನ ಚಾಳಿನಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ ಒಂದು. ಅಲ್ಲಿಯ ಬಾವಿ ನೀರಿಗೆ ಚಹಾದ ಬಣ್ಣ. ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಮ್ಮ ಸರ್ ಬೆಂಗಳೂರಿನವರು. ಗಿರಣಿಗಳು ಎಸೆಯುವ ಉಮಿಯನ್ನು ಸುಟ್ಟು ಇದ್ದಿಲು ಮಾಡಿ, ಮರಳಿನ ಜೊತೆ ಡ್ರಮ್ಮಿಗೆ ತುಂಬಿ ನೀರು ಸೋಸುವುದು ಅವರ ರಿಸರ್ಚ್. ಟ್ರಯಲ್‌ಗೆ ಜಾಗ ಹುಡುಕುತ್ತಿದ್ದಾಗ "ನಮ್ಮ ಚಾಳಿಗೆ ಬನ್ನಿ" ಅಂದದ್ದು ನಾನೇ. ಬಾವಿಯ ಪಕ್ಕ ಡ್ರಮ್ಮು ಕೂತಿತು. ನೀರಿನ ಟೆಸ್ಟ್ ರಿಪೋರ್ಟ್ ಬರುವವರೆಗೆ ಪಾತ್ರೆ, ಬಟ್ಟೆಗೆ ಮಾತ್ರ ಅಂತ ಹೇಳಿಯೂ ಆಯಿತು. ಆದರೆ ಡ್ರಮ್ಮಿನಿಂದ ಇಳಿದ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮತ್ತೆ ಯಾರು ಕೇಳುತ್ತಾರೆ? ಹೆಂಗಸರು ಪೂಜೆಗೆ ದಿನ ನೋಡಿದರು. ಪೂಜೆಯಾದ ಮೇಲೆ ಕುಡಿಯುವುದಂತೆ.

ಪೂಜೆಯ ದಿನವೇ ರಿಪೋರ್ಟ್ ಬಂತು. ಟೆಸ್ಟ್ ಮಾಡಿದ್ದು ಮೈಸೂರಿನ ವಿದ್ಯಾ, ಪಿಎಚ್.ಡಿ. ಹುಡುಗಿ. ನನ್ನನ್ನು ಸಿಂಕ್ ಹತ್ತಿರ ಕರೆದಳು.

"ಅಜ್ಜೀ, ಕೊಲಿಫಾರ್ಮ್ ಹಾಗೇ ಇದೆ. ಗಟಾರದ ನೀರು ಬಾವಿಗೆ ಇಳೀತಿದೆ. ಯಾರೂ ಕುಡೀಬಾರದು."

ಕೊಲಿಫಾರ್ಮ್ ಅಂದರೆ ಮಲದ ಜೊತೆ ಬರುವ ಕ್ರಿಮಿ. ಸೀದಾ ಸರ್ ಹತ್ತಿರ ಹೋದೆ.

"ನಾಡಿದ್ದು ರಿಸರ್ಚಿಗೆ ದುಡ್ಡು ಕೊಡೋ ಕಮಿಟಿಯವರು ನಿಮ್ಮ ಚಾಳು ನೋಡೋಕೆ ಬರ್ತಾರೆ. ಅಲ್ಲಿವರೆಗೆ ಸುಮ್ಮನಿರಿ" ಅಂದರು.

"ಕಾಯಿಸಿ ಕುಡೀರಿ ಅಂತಾದ್ರೂ ಹೇಳ್ಲಾ?"

"ಯಾಕೆ ಅಂತ ಕೇಳ್ತಾರಲ್ಲ. ಅಂದ ಹಾಗೆ, ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗೋದು ಈ ತಿಂಗಳೇ ಅಲ್ವಾ?" ನಗುತ್ತಲೇ ಕೇಳಿದರು.

ಸಂಜೆ ಡ್ರಮ್ಮಿಗೆ ಅರಿಶಿನ, ಕುಂಕುಮ, ಗೊಂಡೆ ಹೂವಿನ ಮಾಲೆ. ತೆಂಗಿನಕಾಯಿ ಒಡೆದರು. ನೀರು ತಂದವರಿಗೆ ಮೊದಲ ಲೋಟ, ಅದು ಚಾಳಿನ ರಿವಾಜು. ಲೋಟ ತುಂಬಿಸಿದ್ದು ಪಕ್ಕದ ಮನೆಯ ಶೋಭಾ. ನಮ್ಮ ಕುಂದಾಪುರದ ಕಡೆಯವಳೇ. ಇಲ್ಲೇ ಹುಟ್ಟಿದ್ದರಿಂದ ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಮರಾಠಿಯಲ್ಲಿ.

"ಆಜೀ, ಆಧೀ ತುಮ್ಹೀಚ್!" ಮೊದಲು ನೀವೇ, ಅಂತ ಲೋಟ ಚಾಚಿದಳು. ಇನ್ನೊಂದು ಕೈಯಲ್ಲಿ ಕೂಸು. ಸೊಂಟಕ್ಕೆ ಸಿಕ್ಕಿಸಿದ್ದ ಅದರ ಹಾಲಿನ ಬಾಟಲಿ ಖಾಲಿ.

ಎದುರಿಗೆ ಕ್ಯಾಮೆರಾ ಹಿಡಿದ ಸರ್. ಹಿಂದೆ ಬಿಂದಿಗೆ ಹಿಡಿದ ಇಡೀ ಚಾಳು. ನಾನು ಕುಡಿದರೆ ಎಲ್ಲರೂ ಕುಡಿಯುತ್ತಾರೆ, ಆ ಬಾಟಲಿಯೂ ತುಂಬುತ್ತದೆ. ಬೇಡ ಅಂದರೆ ಕೆಲಸ ಹೋಗುತ್ತದೆ. ಜಾರಿಕೊಳ್ಳಲಿಕ್ಕೆ ಸಂದೂ ಇರಲಿಲ್ಲ.

"ಮೊದಲು ತುಳಸಿಗೆ" ಅಂದು ಲೋಟವನ್ನು ಕುಂಡಕ್ಕೆ ಸುರಿದೆ. "ಇವತ್ತಿನ ನೀರು ದೇವರದ್ದು. ನಾಳೆ ಬೆಳಿಗ್ಗೆಯಿಂದ ನಮ್ಮದು."

"ಮುದುಕಿಯ ಹೊಸ ಶಾಸ್ತ್ರ ನೋಡಿ!" ಅಂತ ಯಾರೋ ನಕ್ಕರು. ಬೈದುಕೊಂಡೇ ಬಿಂದಿಗೆಗಳು ಒಳಗೆ ಹೋದವು. ಸರ್ ಹತ್ತಿರ ಬಂದು, "ಚೆನ್ನಾಗಿ ಸಂಭಾಳಿಸಿದ್ರಿ" ಅಂದರು. ನಾನು ಅವರ ಪಾರ್ಟಿ ಅಂತ ತಿಳಿದರು.

ಲ್ಯಾಬಿನಲ್ಲಿ ಫಳಫಳ ಹೊಳೆಯುವ ಬಾಟಲಿಯನ್ನೂ ಆಸಿಡ್ ಹಾಕಿಯೇ ತೊಳೆಯಬೇಕು. ಕಣ್ಣಿಗೆ ಕಂಡದ್ದನ್ನು ನಂಬಬಾರದು ಅಂತ ನನಗೆ ಕಲಿಸಿದ್ದು ಆ ಕೆಲಸವೇ. ಆ ಕೆಲಸ ಕಲಿಸಿದ್ದು ಇದೇ ಸರ್.

ಮರುದಿನ ಬೆಳಿಗ್ಗೆ ಬಿಂದಿಗೆಗಳು ಬರುವ ಮೊದಲೇ ಡ್ರಮ್ಮಿನ ನಲ್ಲಿಯನ್ನು ತಿರುಗಿಸಿ ಕಿತ್ತೆ. ನೀರೆಲ್ಲ ಗಟಾರಕ್ಕೆ ಹೋಯಿತು. ಸದ್ದಿಗೆ ಶೋಭಾ ಹೊರಗೆ ಬಂದು, "ಆಜೀ, ಪಾಗಲ್ ಝಾಲ್ಯಾ ಕಾ?" ಹುಚ್ಚು ಹಿಡಿಯಿತಾ, ಅಂತ ಕೂಗಿದಳು.

"ಇದರಲ್ಲಿ ಹೇಲುಂಟು ಮಾರಾಯ್ತಿ, ಕೂಸಿಗೆ ಕೊಡಬೇಡ" ಅಂದೆ, ಮತ್ತೆ ಅದನ್ನೇ ಮರಾಠಿಯಲ್ಲಿ, ಇಡೀ ಚಾಳಿಗೆ ಕೇಳುವ ಹಾಗೆ. ನಲ್ಲಿಯನ್ನು ಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹಿಡಿದೆ. ಅದನ್ನು ಸರ್ ಮೇಜಿನ ಮೇಲೆ ಇಟ್ಟು, ಬಾಟಲಿ ತೊಳೆಯಲು ಹೋದೆ.