ಬರೆಯುವ ಮೇಜಿನ ಕೆಳಗಿನ ಹುಡಿ

ಪ್ಯಾರಿಸ್ಸಿನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಕಿರುಗಲ್ಲಿಯೊಂದರ ಹಳೆಯ ಮಹಲಿನಲ್ಲಿ ಜಿಸ್ಲೇನ್ ಬರ್ತ್ಲೋ ಮಂಡಿಯೂರಿ ಕೂತು ಚಿನ್ನದ ಲೇಪದ ಕುರ್ಚಿಯೊಂದಕ್ಕೆ ಮೇಕೆಗೂದಲಿನ ಕುಂಚ ಆಡಿಸುತ್ತಿದ್ದಾರೆ. ದೂಳು ಹೀರುವ ಯಂತ್ರದ ಬಾಯಿಗೆ ತೆಳುಬಟ್ಟೆ ಕಟ್ಟಿದ್ದಾರೆ. ಲೇಪದ ಚೂರು ಉದುರಿದರೆ ಬಟ್ಟೆಯಲ್ಲೇ ಉಳಿಯಬೇಕು. ಉಳಿದದ್ದನ್ನು ಲಕೋಟೆಗೆ ಹಾಕಿ, ತಾರೀಖು ಬರೆದು, ಕಚೇರಿಗೆ ಒಪ್ಪಿಸುತ್ತಾರೆ.

ಹದಿನೆಂಟನೇ ಶತಮಾನದ ಚಿತ್ರ, ಪಿಂಗಾಣಿ, ಪೀಠೋಪಕರಣಗಳ ಈ ಪುಟ್ಟ ಸಂಗ್ರಹಾಲಯದಲ್ಲಿ ಹದಿನಾಲ್ಕು ಕೋಣೆಗಳಿವೆ. ಹತ್ತಕ್ಕೆ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲವೂ ಮುಗಿಯಬೇಕು. ಜಿಸ್ಲೇನ್‌ಗೆ ಈಗ ಅರವತ್ತೊಂದು. ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಮನೆ ಬಿಡುತ್ತಾರೆ.

ಗಂಡ ತೀರಿಕೊಂಡ ವರ್ಷವೇ ಅವರು ದುಡಿಯುತ್ತಿದ್ದ ಲಾಂಡ್ರಿಯೂ ಮುಚ್ಚಿತು. "ನಲವತ್ತೇಳಾಯ್ತಲ್ಲ, ಯಾರೂ ಹತ್ರ ಸೇರಿಸ್ಲಿಲ್ಲ. ಇಲ್ಲಿ ಕಾವಲಿಗಿದ್ದ ಮುಸ್ಯೂ ಲೆಸ್ಕ್ಯೂರ್ ಮೂರು ವಾರ ಜೊತೇಲೇ ನಿಂತು ಕಲಿಸಿದ್ರು. 'ಮೊದ್ಲು ನೋಡಮ್ಮ, ಆಮೇಲೆ ಮುಟ್ಟು' ಅನ್ನೋರು. ಆ ಪುಣ್ಯಾತ್ಮ ಇಲ್ದಿದ್ರೆ ಒದ್ದೆಬಟ್ಟೇಲಿ ಚಿತ್ರ ಒರೆಸ್ಬಿಡ್ತಿದ್ನೋ ಏನೋ."

ಕಳೆದ ವರ್ಷ ಬರೆಯುವ ಮೇಜೊಂದರ ಕೆಳಗೆ ಹಿಟ್ಟಿನಂಥ ಹುಡಿ ಕಾಣಿಸಿತು. ಗುಡಿಸಿದರು. ಮರುದಿನ ಅಲ್ಲೇ ಮತ್ತೆ. ಕಚೇರಿಯಲ್ಲಿ ಹೇಳಿದರೆ, "ಹಳೇ ಮರ ಮದಾಂ, ಅಷ್ಟಿಷ್ಟು ಉದುರುತ್ತೆ" ಎಂದರು. ಜಿಸ್ಲೇನ್ ಮೇಜಿನ ಕೆಳಗೆ ಕಪ್ಪು ಕಾಗದ ಹಾಸಿದರು. ಎರಡು ದಿನದಲ್ಲಿ ಕಾಗದದ ಮೇಲೆ ಮೂರು ಪುಟ್ಟ ಗುಡ್ಡೆ. ಅದನ್ನು ಅಲುಗಿಸದೆ, ಸಂಗ್ರಹಾಲಯದ ಮುಖ್ಯಸ್ಥೆ ಮದಾಂ ವೆರ್ದಿಯೆಯವರನ್ನೇ ಕರೆತಂದರು. ಅವರು ನೆಲಕ್ಕೆ ಬಗ್ಗಿ ನೋಡಿ, ಎದ್ದವರೇ ಫೋನಿಗೆ ಓಡಿದರು. ಮೇಜಿಗೆ ಮರ ಕೊರೆಯುವ ಹುಳು ಹಿಡಿದಿತ್ತು; ಪಕ್ಕದ ಎರಡು ಕುರ್ಚಿಗಳಿಗೂ ಹಬ್ಬಿತ್ತು.

ಮೂರೂ ಚಿಕಿತ್ಸೆಗೆ ಹೋದವು. ಐದು ತಿಂಗಳ ಮೇಲೆ ವಾಪಸಾದಾಗ ಮದಾಂ ವೆರ್ದಿಯೆ ಪೆಟ್ಟಿಗೆ ಬಿಚ್ಚಲು ಬಿಡಲಿಲ್ಲ. "ಜಿಸ್ಲೇನ್ ಬರ್ಲಿ, ಅಲ್ಲೀವರ್ಗೂ ಯಾರೂ ಮುಟ್ಬೇಡಿ" ಎಂದರು. ಆ ಮಾತು ಹೇಳುವಾಗ ಜಿಸ್ಲೇನ್ ಕಣ್ಣು ಒರೆಸಿಕೊಳ್ಳುತ್ತಾರೆ. "ನನ್ನ ಮಾತು ಕೇಳಿದ್ರಲ್ಲ, ಅಷ್ಟು ಸಾಕು."

ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರು ಸಂಗ್ರಹಾಲಯವನ್ನು ನೋಡುಗರಂತೆ ನೋಡಿರಲಿಲ್ಲ. ಕಳೆದ ಭಾನುವಾರ ಅಮಿಯಾಂ ಊರಿನಿಂದ ಬಂದ ತಂಗಿಯ ಜೊತೆ ಒಳ್ಳೆಯ ಕೋಟು ತೊಟ್ಟು, ಮುಂಬಾಗಿಲಿನಿಂದಲೇ ಒಳಗೆ ಹೋದರು. ಮೇಜಿನ ಹತ್ತಿರ ತುಸು ಬಗ್ಗಿದ್ದೇ ತಡ, ಹೊಸ ಕಾವಲುಗಾರ ಬಂದು, "ಮದಾಂ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ" ಎಂದ. ತಂಗಿ ಜಗಳಕ್ಕೇ ನಿಂತಳು. ಜಿಸ್ಲೇನ್ ಅವಳ ತೋಳು ಹಿಡಿದೆಳೆದು ತಾವೂ ಎರಡು ಹೆಜ್ಜೆ ಹಿಂದೆ ಸರಿದರು.

"ನಾನ್ಯಾರು ಅಂತ ಯಾಕೆ ಹೇಳ್ಲಿ? ನಾನು ಮನೇಲಿದ್ದಾಗ್ಲೂ ಇಲ್ಲಿ ಕಾಯೋರು ಇದಾರೆ ಅಂತ ಅವತ್ತು ಗೊತ್ತಾಯ್ತು. ರಾತ್ರಿ ಚೆನ್ನಾಗಿ ನಿದ್ದೆ ಬಂತು."