ಬಾಟ್ಲಿ ಸಿಸ್ಟರ್
ಹಳೇ ಬ್ಯಾಟರಿ ಒಡೆಯುವ ಶೆಡ್ಡುಗಳಲ್ಲಿ ದುಡಿದು ಮೈಗೆಲ್ಲ ಸೀಸ ಏರಿಸಿಕೊಂಡ ನಮ್ಮಂಥವರ ವಾರ್ಡಿಗೆ ಬಾಟ್ಲಿ ಸಿಸ್ಟರೇ ಸರ್ವಾಧಿಕಾರಿ. ಡ್ರಿಪ್ಪಿನ ಮದ್ದು ರಕ್ತದ ಸೀಸವನ್ನು ಮೂತ್ರಕ್ಕೆ ಎಳೆದು ತರುತ್ತದಂತೆ. ಮಂಚದಡಿಯ ಬಾಟ್ಲಿಯಲ್ಲಿ ಬಿದ್ದದ್ದನ್ನು ಈಕೆ ಅಕ್ಕಸಾಲಿಗ ಚಿನ್ನ ತೂಗಿದ ಹಾಗೆ ಅಳೆಯುತ್ತಾಳೆ. ಕೊಂಚ ಕಡಿಮೆಯಾದರೂ, "ನೀರು ಕುಡಿದ್ರೋ, ಮೀಸೆ ಒದ್ದೆ ಮಾಡ್ಕೊಂಡ್ರೋ?" ಎಂದು ಗದರುತ್ತಾಳೆ. ಅವಳ ಚಪ್ಪಲಿ ಸದ್ದಿಗೆ ಗೊರಕೆ ಹೊಡೆಯುವವನೂ ಲೋಟಕ್ಕೆ ಕೈ ಹಾಕುತ್ತಾನೆ. ಚೇತರಿಸಿಕೊಂಡವರಿಗೆ ಅವಳು ಎಂದೂ "ಹೋಗಿ ಬನ್ನಿ" ಎನ್ನುವುದಿಲ್ಲ, ಬರೀ "ಹೋಗಿ" ಎನ್ನುತ್ತಾಳೆ. ಆದರೂ ಅವರು ಅದೇ ಶೆಡ್ಡಿಗೆ ಹೋಗಿ ಅದೇ ಮಂಚಕ್ಕೆ ಬರುತ್ತಾರೆ. ಹೊಸದಾಗಿ ಬಂದ ಅಪ್ಪನ ಕಡೆ ಓಡುವ ಮಕ್ಕಳನ್ನಂತೂ ಬಾಗಿಲಲ್ಲೇ ರಟ್ಟೆ ಹಿಡಿದು ನಿಲ್ಲಿಸುತ್ತಾಳೆ: "ಬಟ್ಟೆ ತುಂಬಾ ಸೀಸದ ಧೂಳು. ಮೊದ್ಲು ಅಪ್ಪಂಗೆ ಸ್ನಾನ, ಆಮೇಲೆ ಮುದ್ದು." "ಮಕ್ಕಳನ್ನ ಹೆತ್ತವಳಲ್ಲ ಬಿಡು," ಎಂದು ಹೆಂಗಸರು ಗೊಣಗುತ್ತಾರೆ. ಮೊನ್ನೆ ಸಂಜೆ ಅವಳ ಗಂಡ ಮಗಳನ್ನು ಕರೆತಂದಿದ್ದ. ಮದುವೆಯ ವಯಸ್ಸಿನ ಹುಡುಗಿ, ಆದರೆ ಎರಡು ಮಾತು ನೆಟ್ಟಗೆ ಬಾರದು. ಅವಳ ಸ್ವೆಟರಿನ ಗುಂಡಿ ಹಾಕುತ್ತ ಸಿಸ್ಟರ್ ನನ್ನ ಕಡೆ ನೋಡದೆಯೇ ಹೇಳಿದಳು: "ಇವ್ಳು ಚಿಕ್ಕೋಳಿದ್ದಾಗ ಇವ್ರೂ ಶೆಡ್ಡಲ್ಲೇ ಇದ್ರು. ಸಂಜೆ ಬರೋದನ್ನೇ ಕಾಯ್ತಾ ಇದ್ಲು ಇವ್ಳು. ‘ಅಪ್ಪ ಬಂದ್ರು, ಓಡು’ ಅಂತ ನಾನೇ ಬಾಗಿಲು ತೆಗೀತಿದ್ದೆ."